ಹುಲಿ ಗೆಲ್ಲುತ್ತದೋ, ಕಾಟಿ ಗೆಲ್ಲುತ್ತದೋ?

ಕಾಡು ಸುತ್ತುವ ಹುಚ್ಚಿನವನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಹುಲಿ ನೋಡಿದ್ದೀರಾ?’ ಎಂಬುದು. ಎರಡನೆಯದು, ‘ಹುಲಿಗೂ ಕಾಟಿಗೂ ಕಾದಾಟವಾದರೆ ಗೆಲ್ಲುವುದು ಯಾರು?’ ಕೇಳುವವರು ಮಕ್ಕಳಾದರೆ ಕಾಟಿಯ, ಅಂದರೆ ಕಾಡುಕೋಣದ, ಜಾಗದಲ್ಲಿ ಆನೆ ಇರುತ್ತದೆ, ಇಲ್ಲವೇ ಈ ನಾಡಿನ ಕಾಡುಗಳಲ್ಲಿ ಎಂದೂ ಹುಲಿಯ ಎದುರಿಗೆ ಬಾರದ ಆಫ್ರಿಕಾದ ಸಿಂಹ. ದೊಡ್ಡವರಾದರೆ ಮೊಬೈಲ್ ತೆಗೆದು ಯಾರೋ ಕಳಿಸಿದ ಅರ್ಧ ನಿಮಿಷದ ವಿಡಿಯೊ ತೋರಿಸುತ್ತಾರೆ. ಅದಕ್ಕೆ ಯುದ್ಧದ ಸಂಗೀತ ಜೋಡಿಸಲಾಗಿರುತ್ತದೆ. ವಿಡಿಯೊ ನಿರ್ಣಾಯಕ ಘಳಿಗೆಗೆ ಮೊದಲೇ ಮುಗಿದಿರುತ್ತದೆ.

ಮೊದಲು ನೋಡಿದವರು ಗೆಲ್ಲುತ್ತಾರೆ ಎಂಬುದು ನನ್ನ ಉತ್ತರ. ಕಾಟಿ ಮೊದಲು ನೋಡಿದರೆ ಕಾದಾಟವೇ ನಡೆಯುವುದಿಲ್ಲ. ಹುಲಿ ಮೊದಲು ನೋಡಿ, ಕಾಟಿ ಕೊನೆಯವರೆಗೂ ಗಮನಿಸದಿದ್ದರೆ ಅದನ್ನು ಕಾದಾಟ ಎನ್ನಲಾಗದು, ಬೇಟೆ ಎನ್ನಬೇಕು. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಕುಸ್ತಿಯ ಫಲಿತಾಂಶ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬೆಳೆದ ಗಂಡು ಕಾಟಿ ಸಾವಿರ ಕೆಜಿಯ ಹತ್ತಿರ ತೂಗಬಲ್ಲದು. ನಮ್ಮ ಕಾಡಿನ ಗಂಡು ಹುಲಿ ಇನ್ನೂರು ಕೆಜಿಯ ಆಸುಪಾಸು, ಚೆನ್ನಾಗಿ ಬೆಳೆದಿದ್ದರೆ ಅದಕ್ಕಿಂತ ತುಸು ಹೆಚ್ಚು. ಈ ಅಂಕಿ ನೋಡಿದವರು ಕಾಟಿಗೆ ಮತ ಹಾಕಬೇಕು. ಆದರೆ ನಾಗರಹೊಳೆಯ ಹುಲಿಗಳು ಕಾಟಿಯನ್ನು ಹೊಡೆದು ತಿನ್ನುತ್ತಲೇ ಬಂದಿವೆ, ಬೆಳೆದ ಹೋರಿಗಳನ್ನೂ ಬಿಟ್ಟಿಲ್ಲ. ಅದು ಸಾಧ್ಯವಾಗುವುದು ತೂಕದಿಂದಲ್ಲ. ಹುಲ್ಲು ಪೊದೆಗಳ ಮರೆಯಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಸಾಧ್ಯವಾದಷ್ಟು ಹತ್ತಿರ ಬಂದು, ಕೊನೆಯ ಕೆಲವು ನೆಗೆತಗಳಲ್ಲಿ ಮೇಲೆರಗಿ, ಕೆಳಗಿನಿಂದ ಗಂಟಲು ಹಿಡಿದು ಉಸಿರು ಕಟ್ಟುವವರೆಗೂ ಬಿಡದೆ ಜೋತುಬೀಳಬೇಕು. ಅಷ್ಟು ಹೊತ್ತೂ ಹುಲಿಯ ದೇಹ ಕೊಂಬಿಗೂ ಗೊರಸಿಗೂ ಸಿಗದಂತಿರಬೇಕು. ಒಂದು ಒದೆತ ದವಡೆಗೆ ಬಿದ್ದರೆ, ಒಂದು ಕೋರೆಹಲ್ಲು ಮುರಿದರೆ ಮುಂದಿನ ಊಟ ಎಲ್ಲಿಂದ?

ಊಟದ ಲೆಕ್ಕವೂ ಬಿಗಿಯಾದದ್ದೇ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು, ಅಂದರೆ ಸರಿಸುಮಾರು ವಾರಕ್ಕೊಂದು. ಯತ್ನಗಳಲ್ಲಿ ಬಹುಪಾಲು ತಪ್ಪಿಹೋಗುತ್ತವೆ. ಗಾಯಗೊಂಡ ಹುಲಿಗೆ ಆರೈಕೆ ಮಾಡಲು ಗುಂಪಿಲ್ಲ, ಬೇಟೆಯಾಡಿ ತಂದುಕೊಡುವವರಿಲ್ಲ. ಅದು ಕಾಡಂಚಿಗೆ ಬಂದು ಕಟ್ಟಿಹಾಕಿದ ದನಕ್ಕೆ ಬಾಯಿ ಹಾಕುತ್ತದೆ. ಮುಂದಿನದು ಪತ್ರಿಕೆಗಳಲ್ಲಿ ಬರುತ್ತದೆ. ಆದ್ದರಿಂದ ತನ್ನನ್ನು ನೋಡಿಬಿಟ್ಟ ಕಾಟಿಯ ಮೇಲೆ ಹುಲಿ ಹಟ ಸಾಧಿಸುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಹೋಗಬೇಕು. ನೀರು ಇಳಿದಂತೆ ಬಯಲಾಗುವ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಆನೆ, ಕಾಟಿ, ಜಿಂಕೆ ಎಲ್ಲವೂ ಅಲ್ಲಿಗೆ ಇಳಿಯುತ್ತವೆ. ಅಂಥ ಒಂದು ಸಂಜೆ ಹುಲಿಯೊಂದು ಮರಗಳ ಸಾಲಿನಿಂದ ಹೊರಬಂದು ನೀರಿನತ್ತ ನಡೆಯಿತು. ಮೇಯುತ್ತಿದ್ದ ಕಾಟಿಗಳು ಒಂದೊಂದಾಗಿ ತಲೆಯೆತ್ತಿದವು. ಮೂಗಿನಿಂದ ಜೋರಾಗಿ ಬುಸುಗುಟ್ಟಿ, ಕರುಗಳನ್ನು ಹಿಂದೆ ಬಿಟ್ಟು, ದೊಡ್ಡವು ಮುಂದಕ್ಕೆ ಬಂದವು. ಓಡಲಿಲ್ಲ. ಒಂದು ಹೆಣ್ಣು ಕಾಟಿ ನಾಲ್ಕು ಹೆಜ್ಜೆ ಹುಲಿಯತ್ತಲೇ ಇಟ್ಟಿತು. ಹುಲಿ ಆ ಕಡೆ ನೋಡದ ಹಾಗೆ ನಟಿಸಿತು ಎಂದೇ ನನಗೆ ಅನ್ನಿಸಿದ್ದು. ನೀರು ಕುಡಿದು, ದೂರದಿಂದ ಸುತ್ತು ಹಾಕಿ ಮತ್ತೆ ಮರಗಳ ನಡುವೆ ಸೇರಿಕೊಂಡಿತು. ಜೀಪಿನಲ್ಲಿದ್ದ ಒಬ್ಬರು ‘ಅಯ್ಯೋ, ಏನೂ ಆಗಲಿಲ್ಲವಲ್ಲ’ ಎಂದರು.

ಏನೂ ಆಗದಿರುವುದಕ್ಕೆ ಕಾರಣ ಆ ಬಯಲೇ. ಪ್ರವಾಸಿಗಳ ಕ್ಯಾಮೆರಾಗಳು ಬಯಲಿನಲ್ಲಿ ಕಾಯುತ್ತವೆ, ಹುಲಿಯ ಬೇಟೆ ಲಂಟಾನದ ಮೆಳೆಯೊಳಗೆ ನಡೆಯುತ್ತದೆ. ನಮಗೆ ಕಾಣುವಷ್ಟು ಬಯಲು ಜಾಗ ಎಂದರೆ ಕಾಟಿಗೂ ಕಾಣುವಷ್ಟು ಬಯಲು. ಹೀಗಾಗಿ ವಿಡಿಯೊದಲ್ಲಿ ಸಿಗುವ ಹುಲಿ–ಕಾಟಿ ಮುಖಾಮುಖಿಗಳಲ್ಲಿ ಹೆಚ್ಚಿನವು ಕೆಟ್ಟುಹೋದ ಬೇಟೆಗಳು. ಅವುಗಳನ್ನಷ್ಟೇ ನೋಡಿ ಬೆಳೆದವರು ಕಾಟಿಯೇ ಯಾವಾಗಲೂ ಗೆಲ್ಲುತ್ತದೆ ಎಂದು ವಾದಿಸಿದರೆ ಅವರ ತಪ್ಪಲ್ಲ.

ಜಿಂಕೆಯ ಕೂಗನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಜಿಂಕೆ, ಕಡವೆ, ಮುಸಿಯ ಕೂಗುವುದು ಹಿಂಡಿಗೆ ಎಚ್ಚರಿಕೆ ಕೊಡಲು ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅದು ನಿಜ. ಆದರೆ ಹುಲಿ ಕಣ್ಣಿಗೆ ಬಿದ್ದ ಮೇಲೂ ಜಿಂಕೆ ಓಡಿಹೋಗದೆ, ಅದಕ್ಕೇ ಮುಖಮಾಡಿ, ಮುಂಗಾಲಿನಿಂದ ನೆಲ ಕುಟ್ಟುತ್ತ ಕೂಗುತ್ತಲೇ ಇರುತ್ತದೆ. ಆ ಮಾತು ಹುಲಿಗೂ ಸಲ್ಲುತ್ತದೆ. ನೀನೆಲ್ಲಿದ್ದೀ ಎಂದು ಗೊತ್ತಾಗಿದೆ, ಇನ್ನು ದಾರಿ ಹಿಡಿ ಎಂದಂತೆ. ಎಷ್ಟೋ ಸಲ ಹುಲಿ ಎದ್ದು ಹೋಗಿಯೇಬಿಡುತ್ತದೆ. ಹಲ್ಲಿಲ್ಲ, ಉಗುರಿಲ್ಲ, ಕೂಗಿನಿಂದಲೇ ಹುಲಿಯನ್ನು ಸಾಗಹಾಕುವುದಕ್ಕಿಂತ ದೊಡ್ಡ ನಾಟಕ ಯಾವುದಿದೆ ಎಂದು ನನಗೆ ತೋಚುವುದಿಲ್ಲ.

ಇನ್ನು ಬೇಟೆಗಾರರ ನಡುವಿನ ಜಗಳ. ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ಹೇಗೆ ಬದುಕುತ್ತವೆ? ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತರು ಮತ್ತು ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಮಲ ಮತ್ತು ಬೇಟೆಯ ಅವಶೇಷಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 91 ಕೆಜಿ, ಚಿರತೆಯದು 38, ಸೀಳುನಾಯಿಯದು 43. ತಟ್ಟೆಯೇ ಅರ್ಧ ಬೇರೆಯಾಗಿದೆ. ಉಳಿದರ್ಧವನ್ನು ದಿನದ ವೇಳೆ ಬೇರ್ಪಡಿಸುತ್ತದೆ. ನಾಗರಹೊಳೆ, ಬಂಡೀಪುರದ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಸೀಳುನಾಯಿಗಳು ಹಗಲಿನವು, ದೊಡ್ಡ ಬೆಕ್ಕುಗಳು ಹೆಚ್ಚಾಗಿ ರಾತ್ರಿಯವು. ಬೇಟೆಯ ಪ್ರಾಣಿಗಳು ಅಷ್ಟಿಲ್ಲದ ಭದ್ರಾದಲ್ಲಿ ಈ ಹೊತ್ತುಗಳು ಒಂದರೊಳಗೊಂದು ಬೆರೆತಿದ್ದವು. ಹೊಟ್ಟೆ ಖಾಲಿಯಿದ್ದಲ್ಲಿ ಎದುರಾಗುವ ಅಪಾಯವೂ ಹೆಚ್ಚು.

ಸೀಳುನಾಯಿಗಳ ಗುಂಪು ಹುಲಿಯನ್ನೇ ಕೊಲ್ಲುತ್ತದೆ ಎಂಬ ಕಥೆಯನ್ನು ಕಾಡಂಚಿನ ಊರುಗಳಲ್ಲಿ ಎಲ್ಲರೂ ಹೇಳುತ್ತಾರೆ. ಹಳೆಯ ಶಿಕಾರಿಗಳೂ ಹೇಳಿದ್ದಾರೆ. ಒಂದೊಂದು ನಾಯಿ ಹದಿನೈದಿಪ್ಪತ್ತು ಕೆಜಿ, ಹುಲಿಯ ಒಂದೇಟಿಗೆ ಸಾಯುವಂಥದ್ದು. ಅವು ಕಚ್ಚುವುದಕ್ಕಿಂತ ಕಾಡುವುದರಲ್ಲಿ ನಿಪುಣ. ಚಿರತೆಯನ್ನು ಮರ ಹತ್ತಿಸಿ ಕೆಳಗೆ ಸುತ್ತುತ್ತ ನಿಲ್ಲುತ್ತವೆ. ಬಂಡೀಪುರದಲ್ಲಿ 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಈ ನಾಯಿಗಳನ್ನು ಕಾಲ್ನಡಿಗೆಯಲ್ಲಿ ಹಿಂಬಾಲಿಸಿ ಬರೆದಿಟ್ಟದ್ದನ್ನು ಓದಿದವರಿಗೆ ಸೀಳುನಾಯಿ ರಕ್ತಪಿಪಾಸು ರಾಕ್ಷಸ ಎಂಬ ಮಾತು ಬಾಯಿಗೆ ಬರುವುದಿಲ್ಲ. ಮರಿಗಳಿಗೆ ಇಡೀ ಗುಂಪೇ ಊಟ ಹೊತ್ತು ತರುವ ಗೃಹಸ್ಥ ಪ್ರಾಣಿ ಅದು. ಬೇಟೆಯನ್ನು ಸರಸರನೆ ತಿಂದು ಮುಗಿಸುವುದೂ ಹೊಟ್ಟೆಬಾಕತನದಿಂದಲ್ಲ. ಹುಲಿ ಬಂದರೆ ಅವು ಊಟ ಬಿಟ್ಟು ಏಳಬೇಕಾಗುತ್ತದೆ.

ಹಾಗಾದರೆ ನಿಜವಾದ ಕಾದಾಟ ಎಂದೂ ಆಗುವುದಿಲ್ಲವೇ? ಆಗುತ್ತದೆ, ಇಬ್ಬರಿಗೂ ಹಿಂದೆ ಸರಿಯಲು ಆಗದಿದ್ದಾಗ. ಕರಡಿಯ ವಿಷಯ ನೋಡಿ. ಅದರ ಊಟ ಗೆದ್ದಲು, ಹಣ್ಣು, ಜೇನು. ಯಾರ ಮೇಲೂ ಅದಕ್ಕೆ ಹಗೆಯಿಲ್ಲ. ಆದರೆ ಕಣ್ಣು ಮಂದ, ಹುತ್ತಕ್ಕೆ ಮೂತಿ ಹಾಕಿ ಸೊರಬರ ಹೀರುವಾಗ ಕಿವಿಗೂ ಬೇರೆ ಸದ್ದು ಬೀಳದು. ಹುಲಿ ಬಂದದ್ದು ಗೊತ್ತಾಗುವ ಹೊತ್ತಿಗೆ ಅದು ತೀರ ಹತ್ತಿರವಿರುತ್ತದೆ. ಓಡಿ ಪಾರಾಗುವಷ್ಟು ವೇಗವಿಲ್ಲ. ತಾಯಿಯಾದರೆ ಮರಿಗಳನ್ನು ಬೆನ್ನ ಮೇಲೆ ಹೊತ್ತಿರುತ್ತದೆ. ಉಳಿದಿರುವುದು ಒಂದೇ ದಾರಿ, ಅರಚಿಕೊಂಡು ಮೇಲೆ ಬೀಳುವುದು. 2018ರಲ್ಲಿ ಮಹಾರಾಷ್ಟ್ರದ ತಾಡೋಬಾದಲ್ಲಿ ಮರಿಯೊಂದಿಗೆ ನೀರಿಗೆ ಬಂದ ತಾಯಿ ಕರಡಿಗೂ ದೊಡ್ಡ ಗಂಡು ಹುಲಿಗೂ ನಡೆದ ಜಗಳದ ವಿಡಿಯೊವನ್ನು ನೀವೂ ನೋಡಿರುತ್ತೀರಿ. ಹುಲಿ ಕರಡಿಯನ್ನು ಕೆಡವಿ ಹಿಡಿದಿತ್ತು. ಆದರೂ ಕೊಲ್ಲಲಾಗದೆ ಬಿಟ್ಟಿತು, ಕರಡಿ ಅದನ್ನು ಅಟ್ಟಿಯೂ ಬಿಟ್ಟಿತು. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ 2004ರಲ್ಲಿ ಪ್ರವಾಸಿಯೊಬ್ಬರು ಚಿತ್ರಿಸಿದ, ಲೋಕವೆಲ್ಲ ನೋಡಿದ ಕಾಡೆಮ್ಮೆಗಳ ವಿಡಿಯೊದ ಗುಟ್ಟೂ ಇದೇ. ಸಿಂಹಗಳು ಹಿಡಿದ ಕರು ಇನ್ನೂ ಬದುಕಿತ್ತು, ಆದ್ದರಿಂದ ಹಿಂಡು ತಿರುಗಿ ಬಂತು. ನಡುವೆ ಮೊಸಳೆಯೊಂದು ಕರುವಿನ ಇನ್ನೊಂದು ತುದಿ ಎಳೆಯಿತು. ಅಷ್ಟಾದರೂ ಕರು ಎದ್ದು ಹಿಂಡು ಸೇರಿತು. ಕರು ಅಷ್ಟರಲ್ಲೇ ಸತ್ತಿದ್ದರೆ ಹಿಂಡು ತಿರುಗಿ ನೋಡುತ್ತಿತ್ತೆಂದು ನಾನು ನಂಬುವುದಿಲ್ಲ.

ಮುಳ್ಳುಹಂದಿಯ ಬಗ್ಗೆ ಎರಡು ಮಾತು. ಅದು ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎಂಬುದು ಸುಳ್ಳು. ಬೆನ್ನು ತಿರುಗಿಸಿ ಹಿಮ್ಮುಖವಾಗಿ ರಭಸದಿಂದ ನುಗ್ಗುತ್ತದೆ, ಸಡಿಲವಾದ ಮುಳ್ಳುಗಳು ಎದುರಾಳಿಯ ಮೈಯಲ್ಲೇ ಉಳಿಯುತ್ತವೆ. ಪಂಜದಲ್ಲಿ, ಮುಖದಲ್ಲಿ ಮುಳ್ಳು ಮುರಿದು ಕೀವಾಗಿ ಬೇಟೆಯಾಡಲಾರದೆ ಸತ್ತ ಹುಲಿ, ಚಿರತೆಗಳಿವೆ. ಆ ಜಗಳದಲ್ಲಿ ಕೆಲವೊಮ್ಮೆ ಮುಳ್ಳುಹಂದಿಯನ್ನು ತಿಂದವರೇ ಸೋತವರು.

ಸ್ವಜಾತಿಯ ಜಗಳಗಳು ಇದಕ್ಕಿಂತ ಅಪಾಯಕಾರಿ. ಸೀಮೆಗಾಗಿ ಹುಲಿ ಹುಲಿಯನ್ನೇ ಕೊಲ್ಲುತ್ತದೆ. ಇದನ್ನು ತಪ್ಪಿಸಲೆಂದೇ ಮರಕ್ಕೆ ಮೂತ್ರ ಚಿಮ್ಮಿಸುವುದು, ನೆಲ ಕೆರೆಯುವುದು. ಕಾಟಿ ಹೋರಿಗಳು ಇನ್ನೂ ಜಾಣ. ಎರಡು ಹೋರಿಗಳು ಎದುರಾದರೆ ತಲೆಗೆ ತಲೆ ಕೊಡುವ ಮೊದಲು ಅಡ್ಡಲಾಗಿ ನಿಂತು, ಭುಜದ ದಿಬ್ಬ, ಗಂಗೆದೊಗಲು ಎಲ್ಲ ಕಾಣುವಂತೆ, ಸಮಾನಾಂತರವಾಗಿ ನಿಧಾನಕ್ಕೆ ನಡೆಯುತ್ತವೆ. ಚಿಕ್ಕದು ತಾನು ಚಿಕ್ಕದೆಂದು ಅರಿತು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಗೆ ಮುಗಿಯಿತು. ಮದವೇರಿದ ಸಲಗ ಮಾತ್ರ ಈ ಶಿಷ್ಟಾಚಾರಕ್ಕೆ ಹೊರಗು. ಮದವಿಲ್ಲದ ಆನೆ, ಗಾತ್ರದಲ್ಲಿ ದೊಡ್ಡದಾದರೂ, ಮದದಲ್ಲಿರುವ ಆನೆಗೆ ಸಾಮಾನ್ಯವಾಗಿ ದಾರಿ ಬಿಡುತ್ತದೆ.

ಇಲ್ಲಿ ಒಂದು ವಿಷಯ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಕನ್ನಡ ನಾಡು ನೆನಪಿಟ್ಟುಕೊಂಡಿರುವ, ಸಾವಿನಲ್ಲಿ ಮುಗಿದ ಎರಡು ಕಾದಾಟಗಳಲ್ಲೂ ಪ್ರಾಣಿಯ ಹಿಂದೆ ಮನುಷ್ಯ ನಿಂತಿದ್ದ. ಮೊದಲನೆಯದು ಮಂಡ್ಯ ಸೀಮೆಯ ಆತಕೂರಿನ ಶಾಸನದ್ದು, ಹತ್ತನೆಯ ಶತಮಾನದ ನಡುವಿನದು. ಗಂಗರ ದೊರೆ ಬೂತುಗನ ಕಡೆಯ ವೀರ ಮಣಲೆರ, ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಅದನ್ನು ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಆ ಕಲ್ಲಿನ ಮೇಲೆ ಎರಡರ ಕಾದಾಟವನ್ನೂ ಕೆತ್ತಿದ್ದಾರೆ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯದು 2023ರ ಡಿಸೆಂಬರ್ 4ರದ್ದು. ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ ಅರ್ಜುನ, ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯ ವೇಳೆ ಒಂಟಿಸಲಗದೊಂದಿಗಿನ ಕಾಳಗದಲ್ಲಿ ಸತ್ತ. ಅರವತ್ತು ದಾಟಿದ ಆನೆ ತನ್ನ ಪಾಡಿಗೆ ತಾನು ಕಾಡಿನಲ್ಲಿದ್ದಿದ್ದರೆ ಅಂಥ ಸಲಗದ ವಾಸನೆ ಹಿಡಿದ ಕೂಡಲೇ ಬೇರೆ ದಾರಿ ಹಿಡಿಯುತ್ತಿತ್ತು ಎಂದೇ ನನ್ನ ಅನಿಸಿಕೆ. ಕಾಳಿಯೂ ಅಷ್ಟೇ. ಶೌರ್ಯ ಎಂದು ನಾವು ಕಲ್ಲಿನಲ್ಲಿ ಕೆತ್ತುವುದರಲ್ಲಿ ವಿಧೇಯತೆಯ ಪಾಲೆಷ್ಟು ಎಂದು ಯೋಚಿಸಿದರೆ ನನಗೆ ಕಿರಿಕಿರಿಯಾಗುತ್ತದೆ.

‘ಅದೆಲ್ಲ ಸರಿ, ನೀವು ನಿಜವಾದ ಕಾದಾಟ ಒಂದನ್ನಾದರೂ ನೋಡಿದ್ದೀರಾ?’ ಎಂದು ಬಿಡದೆ ಕೇಳುವವರಿಗೆ ನಾನು ತಿರುಗಿ ಕೇಳುತ್ತೇನೆ: ನೀವು ಹೊಲದ ಬದುವಿನಲ್ಲಿ ಎರಡು ಹಾವು ಹೆಣೆದುಕೊಂಡು ಮೇಲೆದ್ದು ಆಡುವುದನ್ನು ನೋಡಿದ್ದೀರಾ? ಹಳ್ಳಿಯಲ್ಲಿ ಬೆಳೆದವರಲ್ಲಿ ಎಷ್ಟೋ ಮಂದಿ ಹೌದೆನ್ನುತ್ತಾರೆ. ಹಾವು ಕೂಡುತ್ತಿದ್ದವು ಎನ್ನುತ್ತಾರೆ. ಕೇರೆಯೇ ನಾಗರಹಾವಿನ ಗಂಡು ಎಂದೂ ಸೇರಿಸುತ್ತಾರೆ. ಹೊಸ ಬಟ್ಟೆಯನ್ನು ಅವುಗಳ ಮೇಲೆ ಹಾಕಿ, ಆಮೇಲೆ ದೇವರ ಕೋಣೆಯಲ್ಲಿಟ್ಟರೆ ಮನೆಗೆ ಐಶ್ವರ್ಯ ಎಂಬ ನಂಬಿಕೆಯೂ ಇದೆ. ಸಾಮಾನ್ಯವಾಗಿ ಆ ಎರಡೂ ಕೇರೆಗಳೇ, ಎರಡೂ ಗಂಡುಗಳೇ. ಮೈಗೆ ಮೈ ಹೊಸೆದು, ಮುಂಭಾಗವನ್ನು ಎತ್ತಿ, ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ಹೆಣಗುತ್ತಿರುತ್ತವೆ. ಪಶ್ಚಿಮ ಘಟ್ಟದ ಕಾಳಿಂಗ ಸರ್ಪಗಳ ಗಂಡುಗಳೂ ಬೇಸಿಗೆಯ ಆರಂಭದಲ್ಲಿ ಹೆಣ್ಣಿಗಾಗಿ ಹೀಗೆಯೇ ಸೆಣಸುತ್ತವೆ. ಆನೆಯನ್ನೂ ಕೆಡವಬಲ್ಲ ವಿಷ ಬಾಯಲ್ಲಿದ್ದರೂ ಹಲ್ಲು ಊರುವುದಿಲ್ಲ, ತಲೆ ನೆಲಕ್ಕೆ ಒತ್ತಿಸಿಕೊಂಡದ್ದು ಸೋತಂತೆ. ನಿಜವಾದ ಕೂಡುವಿಕೆ ನೆಲದ ಮೇಲೆ, ಬಾಲಕ್ಕೆ ಬಾಲ ಸುತ್ತಿಕೊಂಡು, ಸದ್ದಿಲ್ಲದೆ ನಡೆಯುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ.

ಹಾಗಾಗಿ ಮುಂದಿನ ಸಲ ಬದುವಿನಲ್ಲಿ ಅಂಥ ಜೋಡಿ ಕಂಡರೆ ಹತ್ತು ಹೆಜ್ಜೆ ದೂರ ನಿಂತು ನೋಡಿ. ಹೊಸ ಪಂಚೆಯನ್ನು ಹಾಳುಮಾಡಿಕೊಳ್ಳಬೇಡಿ. ಯಾರು ಗೆದ್ದರು ಎಂಬುದೂ ಅಲ್ಲಿ ತಿಳಿಯುತ್ತದೆ: ಸೋತ ಹಾವು ಮೊದಲು ಬಿಡಿಸಿಕೊಂಡು ಬೇಲಿಯತ್ತ ಹರಿಯುತ್ತದೆ, ಗೆದ್ದದ್ದು ಒಂದಷ್ಟು ದೂರ ಅಟ್ಟಿಸಿಕೊಂಡು ಹೋಗುತ್ತದೆ.