ಪುಟ್ಟ ಮಾತಾಡ್ತಾನಾ?

ನ್ಯೂಜೆರ್ಸಿಲಿ ಎರಡು ವರ್ಷದ ಮಗು ಇರೋ ನಮ್ಮಂಥವರ ಮನೆಗೆ ಊರಿಂದ ಫೋನ್ ಬಂದ್ರೆ ಊಟ ಆಯ್ತಾ ಆದ್ಮೇಲೆ ಬರೋ ಪ್ರಶ್ನೆ ಒಂದೇ, ಪುಟ್ಟ ಮಾತಾಡ್ತಾನಾ? ಇನ್ನೂ ಇಲ್ಲ ಅಂದ್ರೆ ಒಬ್ರು "ಅವರಪ್ಪನೂ ಮೂರಕ್ಕೇ ಮಾತಾಡಿದ್ದು, ಬಿಡು" ಅಂತಾರೆ, ಇನ್ನೊಬ್ರು "ಬಜೆ ತೇದು ನೆಕ್ಕಿಸಿದ್ರಾ?" ಅಂತಾರೆ. ನಮ್ಮನೆಗೆ ಬಜೆ ಬೇರು ಅತ್ತೆ ಸೂಟ್‌ಕೇಸಲ್ಲೇ ಬಂತು.

ತಡವಾದ್ರೂ ಮಾತು ಬರುತ್ತೆ ಬಿಡು ಅಂತ ಅಜ್ಜಿಯರು ಹೇಳೋದು ಪೂರ್ತಿ ಸುಳ್ಳೇನಲ್ಲ. ಎರಡು ವರ್ಷದ 100 ಮಕ್ಕಳಲ್ಲಿ 10-15 ಮಕ್ಕಳಿಗೆ ಮಾತು ತಡವಾಗೇ ಬರೋದು, ಗಂಡುಮಕ್ಕಳಲ್ಲಿ ಇನ್ನೂ ಜಾಸ್ತಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸ್ಕೂಲ್ ಸೇರೋ ಹೊತ್ತಿಗೆ ಸರಿಹೋಗ್ತಾರೆ. ತೊಂದ್ರೆ ಏನಪ್ಪಾ ಅಂದ್ರೆ ಯಾವ ಮಗು ಸರಿಹೋಗುತ್ತೆ ಯಾವುದು ಹೋಗಲ್ಲ ಅಂತ ಎರಡು ವರ್ಷಕ್ಕೇ ಖಚಿತವಾಗಿ ಹೇಳೋಕೆ ಡಾಕ್ಟರಿಗೂ ಆಗಲ್ಲ. ಇಂಗ್ಲೆಂಡಿನ ಸರ್ರೆಯಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನ ನೋಡಿದ ಒಂದು ಸ್ಟಡಿ 2016ರಲ್ಲಿ ಬಂತು, ಬೇರೆ ಯಾವ ಕಾಯಿಲೆನೂ ಇಲ್ಲದೆ ಬರೀ ಭಾಷೆಯ ತೊಂದ್ರೆ ಇರೋ ಮಕ್ಕಳೇ ಶೇ. 7.6. 30 ಮಕ್ಕಳ ಕ್ಲಾಸಲ್ಲಿ ಇಬ್ಬರು ಅಂದಂಗಾಯ್ತು.

ಅದಕ್ಕೇ ಇಲ್ಲಿ ಕಾದು ನೋಡೋಣ ಅಂತ ಸುಮ್ನೆ ಬಿಡಲ್ಲ. ಎರಡು ವರ್ಷದ ಚೆಕಪ್‌ಗೆ ಹೋದಾಗ "ಹಾಲು ಬೇಕು" ಥರ ಎರಡು ಪದ ಸೇರಿಸ್ತಾನಾ, ಕೈ ತೋರಿಸ್ತಾನಾ, ಕರೆದ್ರೆ ತಿರುಗ್ತಾನಾ ಅಂತೆಲ್ಲ ಕೇಳ್ತಾರೆ. ಎಷ್ಟೋ ಮಕ್ಕಳಿಗೆ ಶೀತ ಆಗಿ ಕಿವಿಯೊಳಗೆ ನೀರು ನಿಂತು ಸರಿಯಾಗಿ ಕೇಳ್ಸೋದೇ ಇಲ್ಲ, ಅದಕ್ಕೆ ಮೊದಲು ಕಿವಿ ಟೆಸ್ಟ್ ಮಾಡಿಸ್ತಾರೆ. ಬೆಳವಣಿಗೆ ತಡ ಆಗಿರೋ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಗನೇ ನೆರವು ಕೊಡೋಕೆ ಅರ್ಲಿ ಇಂಟರ್ವೆನ್ಷನ್ ಅಂತ ಸರ್ಕಾರಿ ವ್ಯವಸ್ಥೆ ಇದೆ, ಡಾಕ್ಟರ್ ಚೀಟಿ ಬೇಕಿಲ್ಲ ಅಪ್ಪ ಅಮ್ಮನೇ ಫೋನ್ ಮಾಡ್ಬಹುದು, ಅಸೆಸ್‌ಮೆಂಟ್ ಫ್ರೀ, 45 ದಿನದೊಳಗೆ ಮಾಡ್ಬೇಕು ಅಂತ ಕಾನೂನೇ ಇದೆ. ಅಸೆಸ್‌ಮೆಂಟ್ ಮಾಡೋರು ನಮ್ಮನೆಗೇ ಬಂದು ನೆಲದ ಮೇಲೆ ಕೂತು ಮಗು ಜೊತೆ ಆಟ ಆಡಿದ್ರು, ಆಮೇಲೆ ಬಂದ ಮಾತು ಕಲಿಸೋ ಥೆರಪಿಸ್ಟ್ ಮಗುಗಿಂತ ಜಾಸ್ತಿ ನಮಗೇ ಪಾಠ ಮಾಡಿದ್ರು ಅನ್ನಿ, ಪ್ರಶ್ನೆ ಕಡಿಮೆ ಕೇಳಿ, ಅವನು ನೋಡ್ತಿರೋದನ್ನೇ ಹೇಳಿ, ಹೇಳಿದ್ಮೇಲೆ ಸ್ವಲ್ಪ ಹೊತ್ತು ಸುಮ್ನಿರಿ. ನಮ್ಮ ಜನಕ್ಕೆ ಕಷ್ಟ ಇರೋದು ಆ ಸುಮ್ನಿರೋದ್ರಲ್ಲೇ.

ನನಗೆ ಸಿಟ್ಟು ಬರೋದು ಒಂದೇ ವಿಷಯಕ್ಕೆ. ಕನ್ನಡ ಕೂಟದಲ್ಲಿ ಸಿಕ್ಕಿದೋರೆಲ್ಲ "ಎರಡು ಭಾಷೆ ಆಗಿ ಕನ್ಫ್ಯೂಸ್ ಆಗಿದ್ದಾನೆ, ಮನೇಲಿ ಇಂಗ್ಲಿಷೇ ಮಾತಾಡಿ" ಅಂತಾರೆ, ಡೇಕೇರಲ್ಲೂ ಅದೇ ಮಾತು. ಎರಡು ಭಾಷೆಯಿಂದ ಮಾತು ತಡ ಆಗಲ್ಲ ಅಂತ ಇಲ್ಲಿನ ಸ್ಪೀಚ್ ಥೆರಪಿಸ್ಟ್‌ಗಳ ರಾಷ್ಟ್ರೀಯ ಸಂಘವೇ ಹೇಳುತ್ತೆ. ಮಗುಗೆ ಎಷ್ಟು ಪದ ಬರುತ್ತೆ ಅಂತ ನೋಡುವಾಗ ಕನ್ನಡದ ಪದ ಇಂಗ್ಲಿಷ್ ಪದ ಎರಡೂ ಕೂಡಿಸಿ ಎಣಿಸ್ಬೇಕು, ನಾಯಿ ನೋಡಿದಾಗೆಲ್ಲ ಬೌ ಬೌ ಅಂದ್ರೆ ಅದೂ ಒಂದು ಪದಾನೇ. ಕನ್ನಡದ ಒಂದಕ್ಷರ ಬರದ ಥೆರಪಿಸ್ಟೇ "ನಿಮಗೆ ಸಲೀಸಾಗಿ ಬರೋ ಭಾಷೇಲೇ ಮಾತಾಡಿ" ಅಂದ್ರು. ನನ್ನ ಆಫೀಸ್ ಇಂಗ್ಲಿಷಲ್ಲಿ ಮಗು ಮುದ್ದು ಮಾಡೋಕೆ ಆಗುತ್ತಾ ಹೇಳಿ!

ಊರಲ್ಲಿ ಇಂಥ ಮಗು ಇದ್ರೆ ಮೈಸೂರಿನ ಆಯಿಷ್‌ಗೆ, ಅಂದ್ರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋಗಿ, 1965ರಿಂದ ಇದೇ ಕೆಲಸ ಅವರದು. ಮತ್ತೆ ಅಜ್ಜ ಅಜ್ಜಿ, ಮೊಬೈಲ್ ಕೊಡ್ಬೇಡಿ ಅನ್ನೋ ಇಲ್ಲಿನ ಮಕ್ಕಳ ಡಾಕ್ಟರ್‌ಗಳೇ ವಿಡಿಯೋ ಕಾಲ್‌ಗೆ ವಿನಾಯಿತಿ ಕೊಟ್ಟಿದ್ದಾರೆ, ದಿನಾ ಮಾಡಿ, ಮಾತು ಬಂತಾ ಅಂತ ಮಾತ್ರ ಕೇಳ್ಬೇಡಿ.