ಗರ್ಭಿಣಿ ಯಾವ ಸಂಗೀತ ಕೇಳಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹೆರಿಗೆಗೆ ಸಿದ್ಧರಾಗುತ್ತಿರುವ ಮಹಿಳೆಯರಿಗೆ ಉಸಿರಾಟ ಮತ್ತು ವಿಶ್ರಾಂತಿಯ ಅಭ್ಯಾಸಗಳನ್ನು ಕಲಿಸುವುದು ನನ್ನ ಕೆಲಸ. ಹೊಟ್ಟೆಯಲ್ಲಿರುವ ಮಗುವಿಗೆ ಯಾವ ಸಂಗೀತ ಕೇಳಿಸಿದರೆ ಒಳ್ಳೆಯದು ಎಂದು ಗರ್ಭಿಣಿಯರು ಕೇಳುತ್ತಾರೆ. ಅವರಿಗಿಂತ ಹೆಚ್ಚಾಗಿ ಅವರ ತಾಯಂದಿರು, ಅತ್ತೆಯಂದಿರು, ಗಂಡಂದಿರು ಕೇಳುತ್ತಾರೆ. ಅದರ ಬೆನ್ನಿಗೇ ಹೊಟ್ಟೆಗೆ ಕಟ್ಟುವ ಸ್ಪೀಕರ್ ಕೊಳ್ಳಬೇಕೇ, ದುಡ್ಡು ಕೊಟ್ಟು ನಾದಚಿಕಿತ್ಸೆಯ ಆ್ಯಪ್ ಹಾಕಿಕೊಳ್ಳಬೇಕೇ ಎಂಬ ವಿಚಾರಣೆಯೂ ಬರುತ್ತದೆ. ಶಬ್ದದಿಂದ ಸಿಗುವ ನೆಮ್ಮದಿ ಮೊದಲು ತಾಯಿಗೆ ಸಲ್ಲಬೇಕು, ಮಗುವಿಗೆ ಬೇಕಾದ ನಾದವನ್ನು ಆಕೆಯ ಕೊರಳೇ ಕೊಡುತ್ತದೆ ಎಂಬುದು ನನ್ನ ಉತ್ತರ. ಅದರ ಕಾರಣಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮಗುವಿನ ಒಳಕಿವಿ ಸುಮಾರು 24ನೆಯ ವಾರದ ಹೊತ್ತಿಗೆ ಕೆಲಸಕ್ಕೆ ಅಣಿಯಾಗುತ್ತದೆ. 28ರಿಂದ 30ನೆಯ ವಾರದ ಹೊತ್ತಿಗೆ ಅದು ಶಬ್ದಕ್ಕೆ ತಪ್ಪದೆ ಸ್ಪಂದಿಸತೊಡಗುತ್ತದೆ. ತಾಯಿಯ ಹೊಟ್ಟೆ ಮತ್ತು ಗರ್ಭಜಲ ಎತ್ತರದ ಸ್ವರಗಳನ್ನು ಬಹುಮಟ್ಟಿಗೆ ತಡೆದು ತಗ್ಗಿನ ಸ್ವರಗಳನ್ನು ಒಳಗೆ ಬಿಡುವುದರಿಂದ, ಹೊರಗಿನ ಸಂಗೀತ ಮಗುವನ್ನು ತಲುಪುವುದು ಗೋಡೆಯಾಚೆಯ ಮನೆಯ ಹಾಡು ನಮಗೆ ಕೇಳಿಸುವ ರೀತಿಯಲ್ಲಿ. ತಾಯಿಯ ಧ್ವನಿಯಾದರೋ ಗಾಳಿಯ ಮೂಲಕ ಮಾತ್ರವಲ್ಲದೆ ಆಕೆಯ ಮೂಳೆ, ಮಾಂಸಖಂಡಗಳ ಮೂಲಕವೂ ಸಾಗಿ ಹೋಗುತ್ತದೆ. 1980ರಲ್ಲಿ ಅಮೆರಿಕದ ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ ಪ್ರಕಟಿಸಿದ ಪ್ರಯೋಗದಲ್ಲಿ, ಚೀಪುವ ಲಯಕ್ಕೆ ತಕ್ಕಂತೆ ಕೇಳಿಸುವ ಧ್ವನಿ ಬದಲಾಗುವ ನಿಪ್ಪಲನ್ನು ಬಾಯಿಗಿಟ್ಟಾಗ, ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಬೇರೆ ಹೆಂಗಸಿನ ಧ್ವನಿಯ ಬದಲು ತಮ್ಮ ತಾಯಿಯ ಧ್ವನಿ ಕೇಳಿಬರುವಂತೆ ಚೀಪುವ ಲಯವನ್ನೇ ಬದಲಿಸಿಕೊಂಡವು. ಗರ್ಭಾವಸ್ಥೆಯ ಕೊನೆಯ ಆರು ವಾರ ತಾಯಿ ದಿನವೂ ಗಟ್ಟಿಯಾಗಿ ಓದುತ್ತಿದ್ದ ಒಂದು ಕಥೆಯನ್ನು ಶಿಶುಗಳು ಹುಟ್ಟಿದ ಮೇಲೆ ಗುರುತಿಸುತ್ತವೆ ಎಂದು 1986ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ತೋರಿಸಿದರು. ಆ ಪ್ರಯೋಗಗಳಲ್ಲಿ ಹೊಟ್ಟೆಗೆ ಕಟ್ಟುವ ಯಾವ ಯಂತ್ರವೂ ಇರಲಿಲ್ಲ.

ಮಗು ಬುದ್ಧಿವಂತವಾಗಬೇಕೆಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕುವವರ ಬಗ್ಗೆ ಎರಡೇ ಮಾತು. ಈ ನಂಬಿಕೆಯ ಮೂಲ 1993ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ. ಅದರಲ್ಲಿ ಸಂಗೀತ ಕೇಳಿದವರು 36 ಕಾಲೇಜು ವಿದ್ಯಾರ್ಥಿಗಳು, ಕಂಡುಬಂದ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಗರ್ಭಸ್ಥ ಶಿಶುವಿನ ಬುದ್ಧಿಗೂ ಅದಕ್ಕೂ ಸಂಬಂಧವೇ ಇಲ್ಲ.

ತಾಯಿಯ ವಿಷಯಕ್ಕೆ ಬಂದರೆ ಪುರಾವೆಯ ನೆಲ ಹೆಚ್ಚು ಗಟ್ಟಿಯಾಗಿದೆ. ತೈವಾನಿನಲ್ಲಿ 236 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರ ದಿನಕ್ಕೆ ಅರ್ಧ ಗಂಟೆ ಸಂಗೀತ ಕೇಳಿದವರ ಒತ್ತಡ, ಆತಂಕ, ಖಿನ್ನತೆಯ ಲಕ್ಷಣಗಳು ತಗ್ಗಿದ್ದವು. ಕೇಳಿದ್ದರಲ್ಲಿ ಜೋಗುಳವೂ ಇತ್ತು, ಪ್ರಕೃತಿಯ ಸದ್ದೂ ಇತ್ತು, ಮಕ್ಕಳ ಹಾಡೂ ಇತ್ತು. ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಗರ್ಭಿಣಿಯರನ್ನು ಕುರಿತದ್ದಲ್ಲವಾದರೂ ನನ್ನ ಕಲಿಸುವ ಕ್ರಮವನ್ನು ರೂಪಿಸಿದೆ: ಉಸಿರು ಮತ್ತು ಎದೆಬಡಿತವನ್ನು ಬದಲಿಸುವಲ್ಲಿ ಸಂಗೀತದ ಪ್ರಕಾರಕ್ಕಿಂತ ಅದರ ವೇಗ ಮುಖ್ಯವಾಗಿತ್ತು, ಮತ್ತು ಅತ್ಯಂತ ಆಳವಾದ ವಿಶ್ರಾಂತಿ ಕಂಡದ್ದು ಸಂಗೀತ ನಿಂತ ಎರಡು ನಿಮಿಷಗಳ ವಿರಾಮದಲ್ಲಿ. ಆದ್ದರಿಂದ ಯಾವ ರಾಗ ಎಂದು ಕೇಳಿದವರಿಗೆ, ನಿಮಗೆ ಪರಿಚಿತವಾದ, ನಿಧಾನಗತಿಯ, ನೀವು ಇಷ್ಟಪಡುವ ಯಾವುದಾದರೂ ಆಗಬಹುದು ಎನ್ನುತ್ತೇನೆ. ನೀಲಾಂಬರಿಯನ್ನು ನಿದ್ದೆಯ ರಾಗವೆಂದು ನಮ್ಮವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದು ನಿಮಗೆ ಹಿತವೆನಿಸಿದರೆ ಕೇಳಿ, ಶಾಸ್ತ್ರೀಯ ಸಂಗೀತ ಅಭ್ಯಾಸವಿಲ್ಲದವರು ಕಷ್ಟಪಟ್ಟು ಕೇಳಬೇಕಾಗಿಲ್ಲ. ತಿಂಗಳು ತುಂಬಿದಂತೆ ಅಂಗಾತ ಮಲಗುವುದನ್ನು ಬಿಟ್ಟು ಎಡಮಗ್ಗುಲಿಗೆ ದಿಂಬಿನ ಆಸರೆಯಲ್ಲಿ ಮಲಗಿ, ಮೊಬೈಲಿನ ಸಂದೇಶಗಳ ಸದ್ದು ನಡುವೆ ಬಾರದಂತೆ ಮಾಡಿಕೊಂಡು, ಹಾಡು ಮುಗಿದ ಮೇಲೆ ತಟ್ಟನೆ ಏಳದೆ ಒಂದಷ್ಟು ಹೊತ್ತು ಹಾಗೆಯೇ ಇರಿ. ಮುಖ್ಯವಾಗಿ, ಇದನ್ನು ದಿನದ ಕರ್ತವ್ಯವಾಗಿ ಹೇರಿಕೊಳ್ಳಬೇಡಿ. ಒಂದು ದಿನ ತಪ್ಪಿದ್ದಕ್ಕೆ ಮಗುವಿಗೇನೋ ಕೊರತೆಯಾಯಿತೆಂದು ಅಳುವ ಗರ್ಭಿಣಿಯರನ್ನು ಕಂಡಾಗ, ಆ ಭಯವನ್ನು ಬಿತ್ತಿದ ಜಾಹೀರಾತುಗಳ ಮೇಲೆ ನನಗೆ ಸಿಟ್ಟು ಬರುತ್ತದೆ.

ಕೇಳುವುದಕ್ಕಿಂತ ಹಾಡುವುದು ಮೇಲು ಎಂಬುದು ನನ್ನ ಅನುಭವ. ಮೂಗಿನಿಂದ ಉಸಿರೆಳೆದುಕೊಂಡು, ತುಟಿ ಮುಚ್ಚಿ, ಎಷ್ಟು ಸಲೀಸೋ ಅಷ್ಟು ಹೊತ್ತು ಗುಂಯ್ ಎಂದು ಗುನುಗಿದರೆ ಉಸಿರು ಬಿಡುವ ಅವಧಿ ತಾನಾಗಿ ಉದ್ದವಾಗುತ್ತದೆ, ಎದೆಬಡಿತ ನಿಧಾನಕ್ಕೆ ಇಳಿಯುತ್ತದೆ. ಉಸಿರು ಕಟ್ಟಿ ಹಿಡಿಯಬಾರದು, ತಲೆ ಸುತ್ತಿದರೆ ನಿಲ್ಲಿಸಬೇಕು. ಹೆರಿಗೆ ನೋವಿನ ಹೊತ್ತಿನಲ್ಲಿ ದವಡೆ ಸಡಿಲ ಬಿಟ್ಟು ತಗ್ಗು ಸ್ವರದಲ್ಲಿ ಆ ಎಂದು ಎಳೆಯುವುದು ಇದೇ ಅಭ್ಯಾಸದ ಮುಂದುವರಿಕೆ. ಮನೆಯ ಸಂಸ್ಕಾರಗಳ ವಿಧಿಗಳನ್ನು ಹೇಳುವ ಪ್ರಾಚೀನ ಗ್ರಂಥವಾದ ಆಶ್ವಲಾಯನ ಗೃಹ್ಯಸೂತ್ರದಲ್ಲಿ ಸೀಮಂತೋನ್ನಯನದ, ಅಂದರೆ ಸೀಮಂತದ, ವೇಳೆ ಇಬ್ಬರು ವೀಣಾವಾದಕರಿಗೆ ಸೋಮರಾಜನನ್ನು ಹಾಡಿರೆಂದು ಹೇಳುವ ವಿಧಿಯಿದೆ. ನಮ್ಮ ಹಳ್ಳಿಗಳಲ್ಲಿ ಬಸುರಿಯ ಬಯಕೆಯ ಹಾಡುಗಳನ್ನು ಹೆಂಗಸರೆಲ್ಲ ಕೂಡಿ ಹಾಡುತ್ತಿದ್ದರು. ಬಸುರಿಯ ಸುತ್ತ ಜನರ ಕೊರಳಿರಬೇಕೆಂಬ ಆ ತಿಳಿವಳಿಕೆಯನ್ನು ನಾವು ಇಯರ್‌ಫೋನಿಗೆ ಬಿಟ್ಟುಕೊಡಬಾರದು.

ಹೊಟ್ಟೆಯ ಮೇಲೆ ಹೆಡ್‌ಫೋನ್ ಇಡುವುದು ಬೇಡ. ಅಷ್ಟು ಹತ್ತಿರದಿಂದ ಶಬ್ದ ಹಾಯಿಸುವ ಅಗತ್ಯವೇ ಇಲ್ಲ. 115 ಡೆಸಿಬಲ್ ಮೀರಿದ ಸದ್ದಿನಿಂದ ಗರ್ಭಿಣಿಯರು ದೂರವಿರಬೇಕೆಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಸಲಹೆ ನೀಡುತ್ತದೆ. ತಾಯಿ ಕಿವಿಗೆ ಹತ್ತಿ ತುರುಕಿಕೊಂಡರೆ ಮಗುವಿಗೆ ರಕ್ಷಣೆ ದೊರೆಯುವುದಿಲ್ಲ. ಎದೆ ನಡುಗಿಸುವ ತಗ್ಗಿನ ಸ್ವರದ ಸದ್ದು ಮೈಯ ಮೂಲಕವೇ ಒಳಸೇರುತ್ತದೆ. ಗಣೇಶನ ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಪಕ್ಕ ತುಂಬು ಬಸುರಿಯನ್ನು ನಿಲ್ಲಿಸಬೇಡಿ.

ಹೆರಿಗೆಯ ನಂತರ ಪ್ರಶ್ನೆ ಬದಲಾಗುತ್ತದೆ: ಮಗು ಮಲಗಲು ಮಳೆಯ ಸದ್ದಿನ ಯಂತ್ರ ಇಡಬಹುದೇ? ಇಂಥ 14 ಯಂತ್ರಗಳನ್ನು ಅಳೆದು 2014ರಲ್ಲಿ ಪ್ರಕಟವಾದ ವರದಿಯಲ್ಲಿ, ಹತ್ತಿರದಿಂದ ಪೂರ್ಣ ಸದ್ದಿನಲ್ಲಿ ಹಾಕಿದಾಗ ಕೆಲವು 85 ಡೆಸಿಬಲ್ ದಾಟಿದ್ದವು. ಇಡಲೇಬೇಕೆಂದಿದ್ದರೆ ತೊಟ್ಟಿಲಿನಿಂದ ಎರಡು ಮೀಟರ್ ಆಚೆ, ಮೆಲ್ಲನೆಯ ಸದ್ದಿನಲ್ಲಿ, ಮಗು ಮಲಗಿದ ಮೇಲೆ ಆರಿಸುವಂತಿರಲಿ. ಅವಧಿಗೆ ಮುನ್ನ ಹುಟ್ಟಿದ 272 ಶಿಶುಗಳ ಮೇಲೆ ಅಮೆರಿಕದ 11 ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂದೆತಾಯಿ ಆರಿಸಿದ ಹಾಡನ್ನು ಜೋಗುಳದಂತೆ ಎದುರಿನಲ್ಲೇ ಹಾಡಿದಾಗ ಮಗುವಿನ ಎದೆಬಡಿತ ಇಳಿಯಿತು, ತಂದೆತಾಯಿಯ ಆತಂಕವೂ ತಗ್ಗಿತು. ಲಂಡನ್ನಿನಲ್ಲಿ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಕುರಿತ 2018ರ ಅಧ್ಯಯನದಲ್ಲಿ, ಮಕ್ಕಳೊಂದಿಗೆ ಗುಂಪಾಗಿ ಹಾಡಿದವರಲ್ಲಿ ಲಕ್ಷಣಗಳು ತೀವ್ರವಾಗಿದ್ದವರು ಬೇಗ ಚೇತರಿಸಿಕೊಂಡರು. ಸ್ವರ ಸರಿಯಿಲ್ಲವೆಂದು ಹಿಂಜರಿಯುವ ಬಾಣಂತಿಯರಿಗೆ ನಾನು ಹೇಳುವುದಿಷ್ಟೇ: ಒಳಗಿದ್ದಾಗಿನಿಂದ ಕೇಳಿಸಿಕೊಂಡ ನಿಮ್ಮ ಧ್ವನಿಯಲ್ಲಿ ಮಗು ತಪ್ಪು ಹುಡುಕುವುದಿಲ್ಲ.

ಆದರೆ ಹಾಡು ಔಷಧಿಯ ಬದಲಿಯಾಗಲಾರದು. ಹೆರಿಗೆಯಾದ ಮೊದಲ ದಿನಗಳ ಅಳು, ಕಿರಿಕಿರಿ ಸಾಮಾನ್ಯವಾಗಿ ಎರಡು ವಾರಗಳೊಳಗೆ ಇಳಿಯುತ್ತದೆ. ಅದಕ್ಕೂ ಮೀರಿ ಮಂಕು ಕವಿದಿದ್ದರೆ, ಮಗು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳುವ ಮನಸ್ಸೇ ಬಾರದಿದ್ದರೆ ವೈದ್ಯರ ಬಳಿ ಹೋಗಬೇಕು. 1987ರಿಂದ ಬಳಕೆಯಲ್ಲಿರುವ, ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ ಹತ್ತೇ ಪ್ರಶ್ನೆಗಳ ಎಡಿನ್‌ಬರೊ ಮಾಪಕದಿಂದ ಅವರು ಸ್ಥಿತಿಯ ಅಂದಾಜು ಪಡೆಯಬಲ್ಲರು. ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ. ಹಾಲೂಡಿಸುವವರು ತೆಗೆದುಕೊಳ್ಳಬಹುದಾದ ಔಷಧಿಗಳೂ ಇರುವುದರಿಂದ, ಹಾಡಿನಿಂದಲೇ ವಾಸಿಯಾಗುತ್ತದೆಂದು ಯಾರೋ ಹೇಳಿದ ಮಾತಿಗೆ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬೇಡಿ.