ಕೆ ಇದ್ದದ್ದು, ಕೆ ಇಲ್ಲದ್ದು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುವುದು ನನ್ನ ಕೆಲಸ. 2022ರಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಗಿರಾಕಿಯೊಬ್ಬರಿಗೆ ಎರಡು ಮೆಷಿನ್ ಕೊಟ್ಟೆ. ಒಂದಕ್ಕೆ ಇಂಟೆಲ್ ಐ7-12700ಕೆ ಪ್ರೊಸೆಸರ್ (ಕೊನೆಯ ಕೆ ಅಂದರೆ ಲಾಕ್ ಇಲ್ಲದ್ದು), ಝಡ್690 ಮದರ್‌ಬೋರ್ಡ್, ಅದನ್ನು ತಣ್ಣಗಿಡಲು ದೊಡ್ಡ ಕೂಲರ್. ಅಷ್ಟರಲ್ಲಿ ಬಜೆಟ್ ಕರಗಿತ್ತು. ಇನ್ನೊಂದಕ್ಕೆ ಬರೀ 12700, ಬಿ660 ಬೋರ್ಡ್, ಪ್ರೊಸೆಸರ್ ಡಬ್ಬಿಯಲ್ಲೇ ಬರುವ ಫ್ಯಾನ್. (ಕೆ ಡಬ್ಬಿಯಲ್ಲಿ ಫ್ಯಾನೇ ಇರುವುದಿಲ್ಲ.) "ಎರಡರಲ್ಲೂ 12 ಕೋರ್, 20 ಥ್ರೆಡ್. ಜಾಸ್ತಿ ವ್ಯತ್ಯಾಸ ಗೊತ್ತಾಗಲ್ಲ ಸಾರ್" ಎಂದಿದ್ದೆ.

ವಾರದಲ್ಲೇ ಫೋನ್. ಎರಡನೆಯದು ರೆಂಡರ್‌ಗೆ, ಅಂದರೆ ಎಡಿಟ್ ಆದದ್ದನ್ನು ಪೂರ್ತಿ ವಿಡಿಯೊ ಮಾಡಲು, ಕೂತರೆ ಏಳುವುದೇ ಇಲ್ಲವಂತೆ. "ಅದು ಲಾಕ್ ಆಗಿರೋ ಪ್ರೊಸೆಸರ್ ಸಾರ್, ಅದಕ್ಕೇ" ಎಂದುಬಿಟ್ಟೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ನಮ್ಮ ಹಿರಿಯ ಟೆಕ್ನಿಷಿಯನ್, "ಏನೋ ಲಾಕ್ ಆಗಿರೋದು?" ಎಂದರು. ನಾನು ಸುಮ್ಮನಾದೆ.

ಲಾಕ್ ಆಗಿರುವುದು ಗುಣಿಸುವ ಸಂಖ್ಯೆ, ಅಂದರೆ ಮಲ್ಟಿಪ್ಲೈಯರ್. ಮೂಲ ಗಡಿಯಾರದ 100 ಮೆಗಾಹರ್ಟ್ಜ್ ಅನ್ನು 49ರಿಂದ ಗುಣಿಸಿದರೆ ಪ್ರೊಸೆಸರಿನ ವೇಗ 4.9 ಗಿಗಾಹರ್ಟ್ಜ್. 12700ಗೆ ಅದೇ ಕೊನೆ. ಕೆ ತಾನಾಗಿ 50ರವರೆಗೆ ಹೋಗುತ್ತದೆ, ಝಡ್ ಬೋರ್ಡಿನಲ್ಲಾದರೆ ನಾವೇ ಇನ್ನೂ ಏರಿಸಬಹುದು. ಆದರೆ ನಾನು ಏರಿಸಿಯೇ ಇರಲಿಲ್ಲ! ಬೀಗ ಇಲ್ಲದ ಬಾಗಿಲನ್ನು ಯಾರೂ ತೆರೆದಿರಲಿಲ್ಲ. ಹಾಗಿದ್ದ ಮೇಲೆ ಬೀಗದ ತಪ್ಪೇನು, ಅಲ್ವಾ?

ಸ್ಟುಡಿಯೊಗೆ ಹೋಗಿ ನೋಡಿದೆ. ಮೊದಲ ಅರ್ಧ ನಿಮಿಷ ಎರಡೂ ಹೆಚ್ಚುಕಡಿಮೆ ಸಮಸಮ. ಆಮೇಲೆ 12700ರ ವೇಗ ಜಾರಿತು. ವಿಷಯ ಕರೆಂಟಿನದ್ದು. ಇಂಟೆಲ್ ಲೆಕ್ಕದಲ್ಲಿ ಅದು 65 ವಾಟ್ ಪ್ರೊಸೆಸರ್. ಸ್ವಲ್ಪ ಹೊತ್ತು 180 ವಾಟ್‌ವರೆಗೆ ಎಳೆದುಕೊಂಡು, ಆಮೇಲೆ 65ಕ್ಕೆ ಇಳಿಯುತ್ತದೆ. ಕೆ 190ರಲ್ಲೇ ನಿಂತುಕೊಳ್ಳಬಹುದು.

ಈ ಮಿತಿಗೆ ಬೀಗವಿಲ್ಲ. ಬಿ660 ಬೋರ್ಡಿನ ಬಯೋಸ್‌ನಲ್ಲೇ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲೇ, ಏರಿಸಿದೆ. ಈಗ ಆ ಪುಟ್ಟ ಫ್ಯಾನ್ ಕಿರುಚಲು ಶುರುಮಾಡಿತು, ಬಿಸಿ 100 ಡಿಗ್ರಿ ಹತ್ತಿರ ಬಂತು. ಅಂಗಡಿಯಿಂದ ಟವರ್ ಕೂಲರ್ ತರಿಸಿ ಹಾಕಿದ ಮೇಲೆ ಎರಡು ಮೆಷಿನ್‌ಗಳ ನಡುವೆ ಗಿರಾಕಿಗೆ ಫರಕೇ ಕಾಣಲಿಲ್ಲ.

"ಅಲ್ಲಪ್ಪಾ, ಹಾಗಾದ್ರೆ ಮೊದಲನೇದಕ್ಕೆ ಅಷ್ಟೊಂದು ದುಡ್ಡು ಯಾಕೆ ಹಾಕಿಸಿದೆ?" ಎಂದು ಕೇಳಿದರು.

ಕೂಲರಿನ ದುಡ್ಡನ್ನು ನಾನು ಕೇಳಲಿಲ್ಲ.